ಪಿಎಸ್ 2 ಆಟ ಆಡಾಕ ಅಂತ ತಗೊಂಡ ಲ್ಯಾಪ್‌ಟಾಪು, ಒಂದು ಬ್ಯಾಸಗಿ ಕಳದ ಮ್ಯಾಲ

ಮೊದ್ಲ ಹೇಳಿಬಿಡ್ತೀನಿ, ಇದು ಆಫೀಸ್ ಕೆಲಸದ ಲ್ಯಾಪ್‌ಟಾಪ್ ರಿವ್ಯೂ ಅಲ್ಲ. ಟ್ಯಾಲಿ, ಎಕ್ಸೆಲ್ ಯಾವುದ್ರಾಗ ಬೇಕಾದ್ರೂ ಓಡ್ತಾವು, ಅದಕ್ಕ ಇಷ್ಟುದ್ದ ಬರಿಯೋದ ಬ್ಯಾಡ. ನನ್ನ ಕಡೆ ಒಂದು ಪಿಎಸ್ 2 ಐತಿ, ಅಂದ್ರ ಟಿವಿಗೆ ಹಚ್ಚಿ ಆಡೋ ಸೋನಿ ಪ್ಲೇಸ್ಟೇಷನ್ 2, ಕಾಕಾ ಕೊಡಿಸಿದ್ದು, ಅದರ ಲೆನ್ಸ್ ಹೋಗಿ ಆರು ವರ್ಷ ಆತು, ಡಿಸ್ಕ್ ಹಾಕಿದ್ರ ಕರಕರ ಅಂತೈತಿ ಆಮ್ಯಾಲ ಡಿಸ್ಕ್ ರೀಡ್ ಎರರ್ ಅಂತ ತೋರಿಸಿ ಸುಮ್ನಾಗತೈತಿ. ಡಿಸ್ಕ್ ಮಾತ್ರ ಇನ್ನೂ ಟ್ರಂಕಿನ್ಯಾಗ ಹಂಗ ಅದಾವು, ಗಾಡ್ ಆಫ್ ವಾರ್ ಎರಡೂ ಭಾಗ, ಸ್ಯಾನ್ ಆಂಡ್ರಿಯಾಸ್, ಸ್ಮ್ಯಾಕ್‌ಡೌನ್. ಇವನ್ನ ಎಮ್ಯುಲೇಟರ್‌ನ್ಯಾಗ, ಅಂದ್ರ ಕಂಪ್ಯೂಟರ್‌ನ ಪಿಎಸ್ 2 ಹಂಗ ನಡಸೋ ಸಾಫ್ಟ್‌ವೇರ್‌ನ್ಯಾಗ, ಆಡಬೇಕು, ಅದಕ್ಕೊಂದು ಲ್ಯಾಪ್‌ಟಾಪ್ ಬೇಕು, ಕಥಿ ಇಷ್ಟ.

ಎಲ್ಲಾರೂ ಹೇಳೋದು ಒಂದ ಮಾತು, ಗ್ರಾಫಿಕ್ಸ್ ಕಾರ್ಡ್ ದೊಡ್ಡದು ತಗೋ. ನಾನೂ ಹಂಗ ನಂಬಿದ್ದೆ. ಆದ್ರ ಎಮ್ಯುಲೇಟರ್ ಮೊದಲು ತಿನ್ನೋದು ಪ್ರೊಸೆಸರ್‌ನ. ಪಿಎಸ್ 2 ಬಂದಿದ್ದು 2000ದಾಗ, ಅದರ ಪ್ರೊಸೆಸರ್ ಓಡೋದು 300 ಮೆಗಾಹರ್ಟ್ಜ್ ಒಳಗ, ಮೆಮೊರಿ 32 ಎಂಬಿ. ಇಷ್ಟು ಸಣ್ಣ ಯಂತ್ರಕ್ಕ ಯಾಕಪ್ಪ ಇಷ್ಟು ದೊಡ್ಡ ಲ್ಯಾಪ್‌ಟಾಪ್ ಅಂದ್ರ, ಅದರ ಭಾಷಿನ ಬ್ಯಾರೆ. ತೆಲುಗು ಸೊಸಿ ಮಾತು ಕನ್ನಡದ ಅತ್ತಿಯವ್ರಿಗೆ ತಿಳಿಬೇಕು ಅಂದ್ರ ನಡುವ ಒಬ್ಬಾಕಿ ಕುಂತು ಒಂದೊಂದ ಮಾತು ತಿರುಗಿಸಿ ಹೇಳಬೇಕಲ್ಲ, ಹಂಗ. ಅದೂ ಇಬ್ಬರು ಜಗಳಾಡೋ ಸ್ಪೀಡಿನ್ಯಾಗ ಹೇಳಬೇಕು! ಪಿಸಿಎಸ್‌ಎಕ್ಸ್ 2 ಅನ್ನೋ ಪಿಎಸ್ 2 ಎಮ್ಯುಲೇಟರ್ ಈ ಕೆಲಸನ ಎರಡು ಮೂರು ಕೋರಿನ (ಪ್ರೊಸೆಸರ್ ಒಳಗಿನ ಕೆಲಸಗಾರರು ಇದ್ದಂಗ) ಮ್ಯಾಲ ಹಾಕತೈತಿ, ಅದಕ್ಕ ಕೋರ್ ಎಷ್ಟದಾವು ಅನ್ನೋದಕ್ಕಿಂತ ಒಂದೊಂದ ಕೋರ್ ಎಷ್ಟು ಜೋರು, ಆ ಜೋರು ಎಷ್ಟೊತ್ತು ತಡಿತೈತಿ ಅನ್ನೋದ ಮುಖ್ಯ.

ಮೊದ್ಲ ಹೋಗಿದ್ದು ಹೊಸಪ್ಯಾಟಿ ಒಂದು ದೊಡ್ಡ ಶೋರೂಮಿಗೆ, ಹೆಸರು ಬ್ಯಾಡ. ಅಲ್ಲಿ ಹುಡುಗ ಎರಡು ಬಾಕ್ಸ್ ತೋರಿಸಿದ. ಒಂದ್ರಾಗ ಇಂಟೆಲ್ ಪ್ರೊಸೆಸರ್ ಐ5-1235ಯು, ಇನ್ನೊಂದ್ರಾಗ ಐ5-12450ಎಚ್. "ಸರ್ ಇದು 10 ಕೋರ್, ಅದು ಬರೇ 8 ಕೋರ್, ಸ್ಪೀಡ್ ಎರಡೂ 4.4 ಗಿಗಾಹರ್ಟ್ಜ್, ರೇಟೂ ಕಮ್ಮಿ, ಇದನ್ನ ಒಯ್ರಿ" ಅಂದ. ಅವ ಸುಳ್ಳೇನು ಹೇಳ್ಲಿಲ್ಲ ನೋಡ್ರಿ, ಬಾಕ್ಸ್ ಮ್ಯಾಲ ಇದ್ದದ್ದ ಹೇಳಿದ. ಆದ್ರ ಆ 10ರಾಗ ಜೋರಿನ ಕೋರ್ ಎರಡ, ಉಳಿದ 8 ಕರೆಂಟ್ ಉಳಿಸೋ ಸಣ್ಣವು. ಎಚ್ ಇರೋದ್ರಾಗ ಜೋರಿನವು ನಾಲ್ಕು, ಸಣ್ಣವು ನಾಲ್ಕು. ಇನ್ನ ಯು ಅಂದ್ರ 15 ವ್ಯಾಟಿನ ಲೆಕ್ಕ, ಎಚ್ ಅಂದ್ರ 45. 4.4 ಎರಡೂ ಮುಟ್ಟತಾವು, ಆದ್ರ ಯು ಮುಟ್ಟಿ ಸ್ವಲ್ಪ ಹೊತ್ತಿಗೆ ಉಸಿರು ಬಿಡತೈತಿ. ಬಾಕ್ಸ್ ಮ್ಯಾಲ ಅದನ್ನ ಯಾರು ಬರಿತಾರ?

ಇದು ನಂಗೆ ಗೊತ್ತಾಗಿದ್ದು ದೋಸ್ತನಿಂದ. ಅವ ಅದ ಯು ಪ್ರೊಸೆಸರಿನ ಲ್ಯಾಪ್‌ಟಾಪ್ ನನಗಿಂತ ಮೊದ್ಲ ತಗೊಂಡಿದ್ದ, ಗ್ರಾಫಿಕ್ಸ್ ಕಾರ್ಡ್ ಇಲ್ಲ, 8 ಜಿಬಿ ರ‍್ಯಾಮ್ ಒಂದ ಕಡ್ಡಿ. ಅವನ ಮನ್ಯಾಗ ಸ್ಮ್ಯಾಕ್‌ಡೌನ್ ಹಾಕಿದ್ವಿ, ಮೊದಲ ಹತ್ತು ನಿಮಿಷ ಬೆಣ್ಣಿ ಇದ್ದಂಗ. ಆಮ್ಯಾಲ ನಾಲ್ಕು ಮಂದಿ ಪೈಲ್ವಾನರು ರಿಂಗಿಗೆ ಇಳದ ಕೂಡ್ಲೆ ಸ್ಪೀಡ್ 100 ಪರ್ಸೆಂಟಿಂದ 80ಕ್ಕ ಬಂತು. ಎಮ್ಯುಲೇಟರ್‌ನ್ಯಾಗ ಸ್ಪೀಡ್ ಕಮ್ಮಿ ಆದ್ರ ಪಿಸಿ ಗೇಮಿನ ಹಂಗ ಬರೇ ಚಿತ್ರ ಜರ್ಕ್ ಹೊಡಿಯೋದಲ್ಲ, ಆಟನ ನಿಧಾನ ಆಗತೈತಿ, ಪೈಲ್ವಾನ ನೀರಾಗ ಬಿದ್ದಂಗ ಬೀಳ್ತಾನ, ದನಿ ಹಳೇ ಕ್ಯಾಸೆಟ್ ರೀಲ್ ಸಿಕ್ಕೊಂಡಂಗ ಎಳಿತೈತಿ. ಒಂದ ಕಡ್ಡಿ ರ‍್ಯಾಮ್ ಇದ್ರ ಇಂಟೆಲ್ ಐರಿಸ್ ಗ್ರಾಫಿಕ್ಸ್ ಪೂರ್ತಿ ಕೆಲಸ ಮಾಡಂಗಿಲ್ಲ, ವಿಂಡೋಸ್‌ನ್ಯಾಗ ಹೆಸರ ಯುಎಚ್‌ಡಿ ಅಂತ ಬರತೈತಿ, ಅದೂ ಅವಗ ಗೊತ್ತಿರಲಿಲ್ಲ.

ಅದಕ್ಕ ನಾನು ಪೆನ್‌ಡ್ರೈವ್‌ನ್ಯಾಗ ಪಿಸಿಎಸ್‌ಎಕ್ಸ್ 2 ಹಾಕ್ಕೊಂಡು ಹೋಗಿದ್ದೆ, ಪೋರ್ಟಬಲ್ ಮಾಡಿದ್ರ ಇನ್‌ಸ್ಟಾಲ್ ಮಾಡೋ ಕೆಲಸ ಇಲ್ಲ. ಬಯೋಸ್ ಫೈಲ್ (ಪಿಎಸ್ 2 ಶುರು ಆಗಾಕ ಬೇಕಾದ ಅದರ ಒಳಗಿನ ಸಾಫ್ಟ್‌ವೇರ್) ನನ್ನ ಪಿಎಸ್ 2ದ್ದ, ಡಿಸ್ಕಿಂದ ಐಎಸ್‌ಒ (ಪೂರ್ತಿ ಡಿಸ್ಕಿನ ಕಾಪಿ ಫೈಲ್) ತಗದಿದ್ದು ಆಫೀಸಿನ ಹಳೇ ಕಂಪ್ಯೂಟರಿನ ಡಿವಿಡಿ ಡ್ರೈವಿನ್ಯಾಗ. ಹೊಸ ಲ್ಯಾಪ್‌ಟಾಪಿಗೆ ಡಿವಿಡಿ ಡ್ರೈವ್ ಇರಂಗಿಲ್ಲ, ನಿಮ್ಮ ಕಡೆನೂ ಡಿಸ್ಕ್ ಇದ್ರ ಯುಎಸ್‌ಬಿ ಡಿವಿಡಿ ರೈಟರ್ ಒಂದು ಲೆಕ್ಕಕ್ಕ ಹಿಡಕೊಳ್ರಿ. ಶೋರೂಮಿನವ್ರು "ಡೆಮೋ ಪೀಸಿಗೆ ಪೆನ್‌ಡ್ರೈವ್ ಹಾಕಂಗಿಲ್ಲ ಸರ್" ಅಂದ್ರು. ಹೋಗ್ಲಿ ಬಿಡು ಅಂತ ಮುಂದಿನ ವಾರ ರೈಲ್ ಹತ್ತಿ ಬಳ್ಳಾರಿಗೆ ಹೋದೆ.

ಬಳ್ಳಾರಿ ರಾಯಲ್ ಸರ್ಕಲ್ಲಿಂದ ನಡಕೊಂಡು ಹೋಗೋವಷ್ಟು ದೂರದಾಗ ಒಂದು ಸಣ್ಣ ಅಂಗಡಿ, ಎಸಿ ಇಲ್ಲ, ಫ್ಯಾನು ಒಂದ. ಮಾಲಕರು "ಹಾಕಪ್ಪ, ನೀನು ರೊಕ್ಕ ಕೊಡ್ತಿಯಾ, ನೋಡ್ಕೊಂಡ ತಗಾ" ಅಂದ್ರು. ಎಸಿ ಇಲ್ದಿದ್ದ ಛಲೋ ಆತು, ನಮ್ಮ ಮನ್ಯಾಗೂ ಎಸಿ ಇಲ್ಲಲ್ಲ! ಚಾರ್ಜರ್ ಹಚ್ಚಿ ಗಾಡ್ ಆಫ್ ವಾರ್ 2 ಹಾಕಿ ಅರ್ಧ ತಾಸು ಆಡಿದೆ, ಎರಡು ಸಲ ಚಾ ಬಂತು. ಮೂಲ್ಯಾಗ ಇಇ (ಪಿಎಸ್ 2 ಪ್ರೊಸೆಸರಿನ ಕೆಲಸ), ಜಿಪಿಯು (ಗ್ರಾಫಿಕ್ಸ್ ಚಿಪ್ಪಿನ ಕೆಲಸ) ಅಂತ ಪರ್ಸೆಂಟ್ ತೋರಿಸೋದು ಆನ್ ಮಾಡ್ಕೊಂಡಿದ್ದೆ. ಸ್ಪೀಡ್ ಬಿದ್ದಾಗ ಇಇ 100ರ ಹತ್ರ ಇದ್ರ ಪ್ರೊಸೆಸರ್ ಸೋತೈತಿ ಅಂತ, ಜಿಪಿಯು ಏರಿದ್ರ ಗ್ರಾಫಿಕ್ಸ್ ಕಡೆ ಸೋತೈತಿ, ರೆಸಲ್ಯೂಶನ್ ಇಳಿಸಬೇಕು ಅಂತ. ಇಇ 60-70 ದಾಟಲಿಲ್ಲ. ಫ್ರೇಮ್ ರೇಟ್ 50 ಐತಿ ಅಂತ ಬಾಜೂಕ ನಿಂತ ಹುಡುಗ ಮುಖ ಸಣ್ಣದು ಮಾಡಿದ, "60 ಬರಲ್ವಾ ಅಣ್ಣ" ಅಂತ. ನಮ್ಮ ಕಡೆ ಮಾರಿದ ಡಿಸ್ಕ್ ಪಾಲ್ ಅನ್ನೋ ಟಿವಿ ಪದ್ಧತಿದ್ದು ತಮ್ಮಾ, ಅವು ಹೆಚ್ಚಾಗಿ ಓಡೋದ 50ಕ್ಕ, 60 ಅಮೆರಿಕಾ ಜಪಾನಿನವು ಅಂತ ಹೇಳಿದೆ.

ತಗೊಂಡಿದ್ದು ಐ5-12450ಎಚ್, ಎನ್ವಿಡಿಯಾ ಆರ್‌ಟಿಎಕ್ಸ್ 3050 4 ಜಿಬಿ ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, 57,500ಕ್ಕ ಕೊಟ್ರು. ಕಂಪನಿ ಹೆಸರು ಬರಿಯಂಗಿಲ್ಲ, ಇದ ಪ್ರೊಸೆಸರ್ ನಾಲ್ಕೈದು ಕಂಪನಿದ್ರಾಗ ಸಿಗತೈತಿ.

ಮನಿಗೆ ತಂದ ಮ್ಯಾಲ ಎರಡು ದಿನ ಹೊಟ್ಟಿ ಉರಕೊಂಡೆ. ಅಂಗಡ್ಯಾಗ ಹುಲಿ ಹಂಗ ಇದ್ದದ್ದು ರೆಸಲ್ಯೂಶನ್ ನಾಲ್ಕು ಪಟ್ಟು ಮಾಡಿದ ಕೂಡ್ಲೆ ಒದ್ದಾಡಾಕ ಹತ್ತಿತು. ಮೋಸ ಹೋದ್ನೇನಪ್ಪ ಅಂತ ಮಾಲಕರಿಗೆ ಫೋನ್ ಮಾಡಾಕ ಹೊಂಟಿದ್ದೆ, ಆಮ್ಯಾಲ ನೋಡಿದ್ರ ಎಮ್ಯುಲೇಟರ್ ಇಂಟೆಲ್ ಗ್ರಾಫಿಕ್ಸ್ ಮ್ಯಾಲ ಓಡಾಕ ಹತ್ತಿತ್ತು, ಅಷ್ಟು ರೊಕ್ಕ ಕೊಟ್ಟ ಎನ್ವಿಡಿಯಾ ಕಾರ್ಡ್ ಮಲ್ಕೊಂಡಿತ್ತು. ಎಮ್ಯುಲೇಟರಿನ ಗ್ರಾಫಿಕ್ಸ್ ಸೆಟ್ಟಿಂಗ್‌ನ್ಯಾಗ ಅಡಾಪ್ಟರ್ ಅಂತ ಇರತೈತಿ, ಅಲ್ಲಿ ಎನ್ವಿಡಿಯಾ ಆರಿಸಿದೆ, ಮುಗೀತು. ತಪ್ಪು ನಂದ.

ಈಗ ಬ್ಯಾಸಗಿ ಮಾತು. ಮೇ ತಿಂಗಳದಾಗ ಕೊಪ್ಪಳ ಹೆಂಗಿರತೈತಿ ಗೊತ್ತಲ್ಲ, ಫ್ಯಾನ್ ಹಚ್ಚಿದ್ರ ಬಿಸಿ ಗಾಳಿನ ಬರತೈತಿ. ಮಧ್ಯಾಹ್ನ ಮೂರಕ್ಕ ಆಡಾಕ ಕುಂತ್ರ ಪ್ರೊಸೆಸರ್ 95 ಡಿಗ್ರಿ ತೋರಿಸ್ತಿತ್ತು, ಫ್ಯಾನಿನ ಸಪ್ಪಳಕ್ಕ ಅವ್ವ ಅಡಗಿ ಮನಿಯಿಂದ "ಯಾಕೋ, ಕರೆಂಟ್ ಇರೋದ ಒಂದೀಟು, ಅದ್ರಾಗ ಮಿಕ್ಸಿ ಯಾಕ ಹಚ್ಚಿ" ಅಂತ ಕೇಳಿದ್ಳು. ಯಾವುದೋ ವಿಡಿಯೋದಾಗ ವಿಂಡೋಸ್ ಪವರ್ ಸೆಟ್ಟಿಂಗ್‌ನ್ಯಾಗ ಪ್ರೊಸೆಸರ್ ಸ್ಟೇಟ್ 100ರ ಬದ್ಲಿ 99 ಮಾಡ್ರಿ ತಂಪಾಗತೈತಿ ಅಂದಿದ್ರು, ಮಾಡಿದೆ. ತಂಪೇನೋ ಆತು, ಯಾಕಂದ್ರ ಟರ್ಬೋನ (ಪ್ರೊಸೆಸರ್ ಜೋರಾಗಿ ಓಡೋದ) ಬಂದ್ ಆಗಿ 2 ಗಿಗಾಹರ್ಟ್ಜ್‌ಗೆ ಇಳೀತು, ಗಾಡ್ ಆಫ್ ವಾರ್ ಹೀರೋ ಕ್ರೇಟೋಸ್ ಸಂತಿ ಮುಗಿಸಿ ಬಂದ ಮುದುಕನ ಹಂಗ ನಡ್ಯಾಕ ಹತ್ತಿದ. ತಿರಗ 100 ಮಾಡಿ, ಹಿಂದಿನ ಎರಡೂ ಮೂಲಿಗೆ ನೀರಿನ ಬಾಟ್ಲಿ ಮುಚ್ಚಳ ಇಟ್ಟು ಎತ್ತರಿಸಿದೆ, ಹಾಸಿಗಿ ಮ್ಯಾಲ ಇಡೋದು ಬಿಟ್ಟೆ. ಆರೇಳು ಡಿಗ್ರಿ ಕಮ್ಮಿ ಆತು, ಆಟದ ಸ್ಪೀಡೂ ಮತ್ತ ಬೀಳಲಿಲ್ಲ. ಮುಚ್ಚಳದ ಖರ್ಚು ಸೊನ್ನಿ.

ಕರೆಂಟ್ ಹೋದ್ರ ಮಾತ್ರ ಆಟ ಬಂದ್ ಮಾಡೋದ. ಬ್ಯಾಟರಿ ಮ್ಯಾಲ ಬಂದ ಕೂಡ್ಲೆ ಲ್ಯಾಪ್‌ಟಾಪ್ ತನ್ನ ಶಕ್ತಿ ತಾನ ಇಳಿಸ್ಕೊಳ್ಳತೈತಿ, ಆಟದ ಸ್ಪೀಡ್ 100 ಇದ್ದದ್ದು 65ಕ್ಕ ಬಿತ್ತು, ಒಂದು ತಾಸಿನ ಮ್ಯಾಲ ಬ್ಯಾಟರಿನೂ ಇರಂಗಿಲ್ಲ. ಇನ್ವರ್ಟರ್ ಇದ್ದವ್ರು ಪುಣ್ಯವಂತರು. ಚಾರ್ಜರ್ ಅರ್ಧ ಇಟ್ಟಂಗಿ ತೂಕ ಐತಿ. ಸ್ಕ್ರೀನ್ 144 ಹರ್ಟ್ಜ್, 50 ಫ್ರೇಮಿನ ಆಟಕ್ಕ ಅದರ ಉಪಯೋಗ ಏನೂ ಇಲ್ಲ, ಬಣ್ಣ ಸಪ್ಪಗ. ರ‍್ಯಾಮ್ ಇನ್ನೊಂದು 8 ಜಿಬಿ ಕಡ್ಡಿ ಹಾಕಿಸಿದೆ.

ಪಿಎಸ್ 3 ಕೇಳ್ತೀರಿ, ಗೊತ್ತು. ದೋಸ್ತನ ಗೇಮ್ ಆರ್‌ಪಿಸಿಎಸ್ 3 ಅನ್ನೋ ಪಿಎಸ್ 3 ಎಮ್ಯುಲೇಟರಿನ್ಯಾಗ ಹಾಕಿ ನೋಡಿದ್ವಿ, ಸಣ್ಣ ಆಟ ಓಡ್ತಾವು, ದೊಡ್ಡವು 20-25 ಫ್ರೇಮಿನ್ಯಾಗ ಒದ್ದಾಡ್ತಾವು. ಪಿಎಸ್ 3ರ ಸೆಲ್ ಪ್ರೊಸೆಸರಿನ್ಯಾಗ ಒಂದು ದೊಡ್ಡ ಕೋರ್, ಅದರ ಜೋಡಿ ಆಟದ ಕೆಲಸಕ್ಕ ಆರು ಸಣ್ಣವು, ಎಲ್ಲಾ ಒಮ್ಮೆಲೆ ಓಡೋವು. ಅದಕ್ಕ ಜೋರಿನ ಕೋರ್ ಆರು ಎಂಟು ಬೇಕ ಬೇಕು. ಪಿಎಸ್ 3ನ ಆಡಬೇಕು ಅನ್ನೋರು ಈ ಲ್ಯಾಪ್‌ಟಾಪ್ ತಗೋಬ್ಯಾಡ್ರಿ, ರೈಜನ್ 7ರಾಗ ಎಚ್‌ಎಸ್ ಅಂತ ಇರೋವು ನೋಡ್ರಿ, ರೊಕ್ಕ ಇನ್ನೂ ಬೇಕಾಗತೈತಿ.

ದೋಸ್ತ ತನ್ನ ಯು ಲ್ಯಾಪ್‌ಟಾಪ್ ಮಾರಲಿಲ್ಲ. ಅವನೂ ಒಂದು ಕಡ್ಡಿ ರ‍್ಯಾಮ್ ಹಾಕಿಸ್ದ, ಐರಿಸ್ ಅಂತ ಹೆಸರು ಬಂತು, ರೆಸಲ್ಯೂಶನ್ ಎರಡು ಪಟ್ಟಿಗೆ ಇಳಿಸ್ದ. ಪೈಲ್ವಾನರು ಇಬ್ಬರ ಇದ್ರ ಆರಾಮ ಓಡತೈತಿ. ನಾಲ್ಕು ಮಂದಿದು ಆಡಬೇಕು ಅನಿಸಿದಾಗ ನಮ್ಮ ಮನಿಗೆ ಬರ್ತಾನ, ಬರುವಾಗ ಮಿರ್ಚಿ ತರ್ತಾನ.