ಟೋಕಿಯೊ ಹೋಟೆಲ್: ಈಗಲೇ ರೂಪಾಯಿಯಲ್ಲೋ, ಅಲ್ಲಿ ಯೆನ್‌ನಲ್ಲೋ?

ರಾತ್ರಿಗೆ 20,000 ಯೆನ್ ಬಾಡಿಗೆಯ ಕೋಣೆ ಎಂದಿಟ್ಟುಕೊಳ್ಳಿ. ಯೆನ್‌ಗೆ 55 ಪೈಸೆ ಇದ್ದರೆ 11,000 ರೂಪಾಯಿ. 60 ಪೈಸೆಯಾದರೆ 12,000. ಹೋಟೆಲ್ ಬಾಡಿಗೆ ಏರಿಸಿಲ್ಲ. ಆದರೂ ಬುಕಿಂಗ್ ದಿನದ ರೂಪಾಯಿ ಮೊತ್ತ ನೆನಪಲ್ಲಿರುವುದರಿಂದ ಮೋಸವಾದಂತೆ ಅನಿಸುತ್ತದೆ. ನ್ಯಾಯವಾದ ಅಳತೆಗೋಲು ಯೆನ್ ಬಾಡಿಗೆಯೇ: ಅದೇ ದಿನಾಂಕಕ್ಕೆ ಅಕ್ಕಪಕ್ಕದ ಹೋಟೆಲ್‌ಗಳ ಯೆನ್ ಬಾಡಿಗೆ ನೋಡಿ.

ಈಗಲೇ ರೂಪಾಯಿ ಕಟ್ಟಿದರೆ ಖರ್ಚು ಖಚಿತ. ಆದರೆ ಆ್ಯಪ್ ತನ್ನದೇ ವಿನಿಮಯ ದರ ಹಾಕಿರಬಹುದು. ಯೆನ್ ಬಾಡಿಗೆಯನ್ನು ಆ ದಿನದ ವಿನಿಮಯ ದರದಿಂದ ಗುಣಿಸಿ, ಆ್ಯಪ್ ಕೇಳುವ ಮೊತ್ತದೊಂದಿಗೆ ಹೋಲಿಸಿ ನೋಡಿ. ರದ್ದು ಮಾಡಿದರೆ ಹಣ ಮರಳದ ದರವೋ ಎಂಬುದನ್ನೂ ಓದಿಕೊಳ್ಳಿ.

ಅಲ್ಲೇ ಕಟ್ಟುವುದಾದರೆ ಯೆನ್ ಇಳಿದಾಗ ಲಾಭ, ಏರಿದಾಗ ನಷ್ಟ. ಅನೇಕ ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ಕರೆನ್ಸಿಯಲ್ಲಿ ಕಟ್ಟಿದ್ದಕ್ಕೆ ಶೇ 3.5 ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ ಹಾಕುತ್ತವೆ: ಒಟ್ಟು ಶೇ 4.13, ಅಂದರೆ 11,000ಕ್ಕೆ ಸುಮಾರು 454 ರೂಪಾಯಿ. ಕೌಂಟರಿನ ಯಂತ್ರ ‘ರೂಪಾಯಿಯೋ ಯೆನ್ನೋ’ ಎಂದು ಕೇಳಿದರೆ ಯೆನ್ ಒತ್ತಿ. ರೂಪಾಯಿ ಒತ್ತಿದರೆ ಪರಿವರ್ತನೆಯ ಲಾಭಾಂಶ ದರದೊಳಗೇ ಸೇರಿರುತ್ತದೆ, ಕೆಲವು ಬ್ಯಾಂಕುಗಳು ಅದರ ಮೇಲೂ ಶುಲ್ಕ ಹಿಡಿಯುತ್ತವೆ.

ಬಜೆಟ್ ಬಿಗಿಯಿದ್ದು ಪ್ರಯಾಣ ಖಚಿತವಾಗಿದ್ದರೆ ಮೊದಲೇ ಕಟ್ಟಿ. ವಿದೇಶಿ ಕರೆನ್ಸಿ ಶುಲ್ಕವಿಲ್ಲದ ಕಾರ್ಡ್ ಇದ್ದರೆ, ಉಚಿತವಾಗಿ ರದ್ದು ಮಾಡಬಹುದಾದ, ಅಲ್ಲೇ ಯೆನ್‌ನಲ್ಲಿ ಕಟ್ಟುವ ಬುಕಿಂಗೇ ಮೇಲು.