ಪ್ರಜ್ಞೆಯಿಲ್ಲದ ಹಿರಿಯರಿಗೆ ಪಾಲಕರ ನೇಮಕ: ಒಂದು ವಕೀಲರ ಕಚೇರಿಯ ಸೇವೆಯ ಬಗ್ಗೆ

ಮೆದುಳಿನ ರಕ್ತಸ್ರಾವದಿಂದ ಪ್ರಜ್ಞೆ ಕಳೆದುಕೊಂಡು ಹಾಸಿಗೆ ಹಿಡಿದ ನಮ್ಮ ತಂದೆಯವರಿಗೆ ತಾಯಿಯವರನ್ನು ಕಾನೂನುಬದ್ಧ ಪಾಲಕರನ್ನಾಗಿ ನೇಮಿಸಬೇಕೆಂದು ಹೈಕೋರ್ಟಿನಲ್ಲಿ ಅರ್ಜಿ ಹಾಕಲು ಬೆಂಗಳೂರಿನ ಒಂದು ಸಣ್ಣ ವಕೀಲರ ಕಚೇರಿಯ ನೆರವು ಪಡೆದೆವು. ಮೆಚ್ಚುಗೆಯ ಜೊತೆಗೆ ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಕಚೇರಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಸಂಕಟದಲ್ಲಿರುವ ಕುಟುಂಬಗಳು ವಕೀಲರಿಂದ ಏನನ್ನು ಕೇಳಿ ಪಡೆಯಬೇಕು ಎಂಬುದು ತಿಳಿದರೆ ಸಾಕು.

ಈ ಕಚೇರಿಯ ದೊಡ್ಡ ಗುಣ ಮೊದಲ ಭೇಟಿಯಲ್ಲೇ ಕಂಡಿತು. ತಂದೆಯವರು ಆರೋಗ್ಯವಾಗಿದ್ದಾಗ ಅಣ್ಣನ ಹೆಸರಿಗೆ ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಬರೆದುಕೊಟ್ಟಿದ್ದರು. ಅದನ್ನೇ ತೋರಿಸಿ ಠೇವಣಿ ಬಿಡಿಸಿಕೊಳ್ಳಿ ಎಂದು ಕೆಲವರೂ, ಹೆಬ್ಬೆಟ್ಟು ಒತ್ತಿಸಿ ಹೊಸದೊಂದು ಪತ್ರ ಮಾಡಿಸಿಬಿಡಿ ಎಂದು ಇನ್ನು ಕೆಲವರೂ ಸಲಹೆ ಕೊಟ್ಟಿದ್ದರು. ವಕೀಲರು ಎರಡನ್ನೂ ತಳ್ಳಿಹಾಕಿದರು. 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ಬುದ್ಧಿಸ್ವಾಧೀನ ಕಳೆದುಕೊಂಡರೆ ಅವರು ಕೊಟ್ಟ ಅಧಿಕಾರವೂ ಅಲ್ಲಿಗೆ ಮುಗಿಯುತ್ತದೆ. ಅರಿವಿಲ್ಲದವರ ಹೆಬ್ಬೆಟ್ಟಿನ ಗುರುತಿಗೆ ಬೆಲೆಯಿಲ್ಲ ಎನ್ನುವುದಷ್ಟೇ ಅಲ್ಲ, ಅದು ಅವರಿಗೆ ಮಾಡುವ ವಂಚನೆ ಎಂದು ಅವರು ನಮ್ಮ ತಾಯಿಯವರಿಗೆ ಮೆಲುದನಿಯಲ್ಲಿ, ಆದರೆ ಖಚಿತವಾಗಿ ಹೇಳಿದರು. ದುಡ್ಡಿನ ತುರ್ತಿನಲ್ಲಿರುವ ಮನೆಯವರಿಗೆ ಹೀಗೆ ಹೇಳುವವರು ಬೇಕು.

ಹೈಕೋರ್ಟಿಗೇ ಏಕೆ ಹೋಗಬೇಕು ಎಂಬ ನಮ್ಮ ಪ್ರಶ್ನೆಗೂ ಅವರ ವಿವರಣೆ ಸ್ಪಷ್ಟವಾಗಿತ್ತು. 1890ರ ಪಾಲಕರ ಕಾಯ್ದೆ ಅಪ್ರಾಪ್ತ ವಯಸ್ಕರಿಗೆ ಮಾತ್ರ ಸಂಬಂಧಿಸಿದ್ದು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿಯೇ ಪಾಲಕರನ್ನು ನೇಮಿಸಬಹುದಾದರೂ, ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಮೀಸಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೀಮಿತ ಪಾಲಕತ್ವ, ಆ ವ್ಯಕ್ತಿಯೊಂದಿಗೆ ಸಮಾಲೋಚಿಸಿ ಜೊತೆಯಾಗಿ ತೀರ್ಮಾನಿಸುವ ವ್ಯವಸ್ಥೆ. ಕಣ್ಣೇ ತೆರೆಯದವರೊಂದಿಗೆ ಅದು ಹೇಗೆ ಸಾಧ್ಯ? 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆಸ್ತಿ ನೋಡಿಕೊಳ್ಳಲು ವ್ಯವಸ್ಥಾಪಕರನ್ನು ನೇಮಿಸುವ ಅವಕಾಶವಿತ್ತು. ಅದರ ಬದಲಿಗೆ ಬಂದ 2017ರ ಕಾಯ್ದೆಯಲ್ಲಿ ನಾಮನಿರ್ದೇಶಿತ ಪ್ರತಿನಿಧಿ ಇದ್ದರೂ, ಅವರ ಪಾತ್ರ ಆರೈಕೆ ಮತ್ತು ಚಿಕಿತ್ಸೆಗೆ ಸಂಬಂಧಿಸಿದ್ದೇ ಹೊರತು ಬ್ಯಾಂಕಿನ ವ್ಯವಹಾರಕ್ಕಲ್ಲ. ಹೀಗೆ ಈಗ ಜಾರಿಯಲ್ಲಿರುವ ನಾಲ್ಕು ಕಾಯ್ದೆಗಳ ನಡುವೆ ಪ್ರಜ್ಞೆಯಿಲ್ಲದ ಹಿರಿಯರು ಮಾತ್ರ ಹೊರಗುಳಿದಿದ್ದಾರೆ ಎಂಬುದು ನನಗೆ ಇಂದಿಗೂ ನೋವಿನ ವಿಷಯ. ಆದ್ದರಿಂದಲೇ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ, ಅಂದರೆ ಹೈಕೋರ್ಟೇ ನೇರವಾಗಿ ಆದೇಶ ಕೊಡಬೇಕೆಂದು ಕೇಳುವ ಅರ್ಜಿ.

ಅರ್ಜಿಯನ್ನು ಸಿದ್ಧಪಡಿಸಿದ ರೀತಿ ಶ್ಲಾಘನೀಯ. ಇಂಥ ಪ್ರಕರಣಗಳಿಗಾಗಿ ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿಗಳನ್ನು ರೂಪಿಸಿದ್ದು, ವೈದ್ಯಕೀಯ ಮಂಡಳಿಯ ಪರೀಕ್ಷೆ, ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ವರದಿ, ಆಸ್ತಿಯ ಪೂರ್ಣ ವಿವರ, ನೇಮಕದ ನಂತರ ಆರು ತಿಂಗಳಿಗೊಮ್ಮೆ ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಅವರಿಗೆ ಲೆಕ್ಕ ಒಪ್ಪಿಸುವುದು ಮುಂತಾದವು ಅದರಲ್ಲಿವೆ. ಬೇರೆ ರಾಜ್ಯದ ತೀರ್ಪಾದರೂ ಅದೇ ಕ್ರಮವನ್ನು ಅನುಸರಿಸಿ ವಂಶವೃಕ್ಷ, ಮಕ್ಕಳೆಲ್ಲರ ಒಪ್ಪಿಗೆಯ ಅಫಿಡವಿಟ್, ಆಸ್ಪತ್ರೆಯ ದಾಖಲೆ, ಖಾತೆಗಳ ಪಟ್ಟಿ ಎಲ್ಲವನ್ನೂ ಮೊದಲೇ ಜೋಡಿಸಿಟ್ಟಿದ್ದರು. ನಾವು ಮನೆ ಮಾರುವ ಅಧಿಕಾರವನ್ನೂ ಸೇರಿಸಿ ಕೇಳೋಣ ಎಂದಾಗ, ಈಗ ಅಗತ್ಯವಿಲ್ಲದ್ದನ್ನು ಕೇಳುವುದು ಬೇಡ, ಚಿಕಿತ್ಸೆಗೂ ಮನೆಖರ್ಚಿಗೂ ಬೇಕಾದ ಪಿಂಚಣಿ ಮತ್ತು ಠೇವಣಿಗಳಿಗಷ್ಟೇ ಅಧಿಕಾರ ಸಾಕು ಎಂದು ತಡೆದರು. ಮಾತಾಡಲಾರದ ನಮ್ಮ ತಂದೆಯವರ ಹಿತವನ್ನು ಕಾಯುವ ಒಬ್ಬರಾದರೂ ಆ ಕೋಣೆಯಲ್ಲಿದ್ದರು ಎಂಬ ನೆಮ್ಮದಿ ನನಗೆ ಆಗ ಬಂದಿತು.

ಕೊರತೆಗಳು ಬಹುತೇಕ ತಾಯಿಯವರನ್ನು ಪಾಲಕರನ್ನಾಗಿ ನೇಮಿಸಿ ಹೈಕೋರ್ಟಿನ ಆದೇಶ ಬಂದ ಮೇಲಿನವು. ಬ್ಯಾಂಕಿನ ಶಾಖೆಯಲ್ಲಿ ಆದೇಶದ ಪ್ರತಿ ತೋರಿಸಿದಾಗ ಕಾನೂನು ವಿಭಾಗಕ್ಕೆ ಕಳುಹಿಸಬೇಕು ಎಂಬ ಉತ್ತರ ಬಂತು. ಆಗ ಕಚೇರಿಗೆ ಕರೆ ಮಾಡಿದರೆ ಕಿರಿಯ ವಕೀಲರೇ ಸಿಗುತ್ತಿದ್ದರು, ಅವರಿಗೆ ಪ್ರಕರಣದ ಪರಿಚಯ ಕಡಿಮೆ. ಲೆಕ್ಕದ ವರದಿ ಸಿದ್ಧಪಡಿಸಲು ಪ್ರತ್ಯೇಕ ಫೀಸು ಕೊಡಬೇಕು ಎಂಬುದನ್ನು ಮೊದಲೇ ತಿಳಿಸಿರಲಿಲ್ಲ. ಮೊತ್ತ ಅನ್ಯಾಯದ್ದೇನಲ್ಲ, ಆದರೆ ಆಸ್ಪತ್ರೆಯ ಬಿಲ್ಲುಗಳ ನಡುವೆ ಹೊಸದಾಗಿ ಎದುರಾಗುವ ಪ್ರತಿಯೊಂದು ಖರ್ಚೂ ಮನೆಯವರನ್ನು ಕುಗ್ಗಿಸುತ್ತದೆ. ಪಾಲಕರಾದವರು ಯಾವ ರಸೀದಿಗಳನ್ನು ಇಟ್ಟುಕೊಳ್ಳಬೇಕು, ಬೇರೆ ಖಾತೆ ತೆರೆಯಬೇಕೇ ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಟ್ಟಿದ್ದರೆ ಎಪ್ಪತ್ತು ದಾಟಿದ ನಮ್ಮ ತಾಯಿಯವರ ಅರ್ಧ ಆತಂಕ ಕಡಿಮೆಯಾಗುತ್ತಿತ್ತು.

ಇಷ್ಟಾದರೂ ಇದೇ ಸ್ಥಿತಿಯಲ್ಲಿರುವವರಿಗೆ ಈ ಬಗೆಯ ಕಚೇರಿಯನ್ನೇ ಹುಡುಕಿ ಎಂದು ಹೇಳುತ್ತೇನೆ. ಮೊದಲ ಭೇಟಿಯಲ್ಲೇ ಆದೇಶದವರೆಗಿನ ಫೀಸು, ನಂತರದ ಪ್ರತಿ ವರದಿಯ ಫೀಸು, ಬ್ಯಾಂಕಿನೊಂದಿಗೆ ಪತ್ರವ್ಯವಹಾರ ಮಾಡುವವರು ಯಾರು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಹೆಬ್ಬೆಟ್ಟಿನ ದಾರಿ ತೋರಿಸುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.