ಗೇಮ್‌ಗಳ ಪ್ರೀ-ಆರ್ಡರ್ ಸೇವೆ: ವರ್ಷಗಟ್ಟಲೆ ಬಳಸಿದ ಮೇಲೆ ಐದರಲ್ಲಿ ಎರಡು ಅಂಕ

ವಿಡಿಯೊ ಗೇಮ್‌ಗಳನ್ನು ಬಿಡುಗಡೆಗೆ ಮುನ್ನವೇ ದುಡ್ಡು ಕೊಟ್ಟು ಕಾಯ್ದಿರಿಸುವ ಸೇವೆಯನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಡಿಸ್ಕ್‌ನಲ್ಲಿ ಬರುವ ಗೇಮ್, ನೇರವಾಗಿ ಡೌನ್‌ಲೋಡ್ ಆಗುವ ಗೇಮ್, ಪ್ರತಿಮೆ ಮತ್ತು ಚಿತ್ರಪುಸ್ತಕದೊಂದಿಗೆ ದೊಡ್ಡ ಪೆಟ್ಟಿಗೆಯಲ್ಲಿ ಬರುವ ವಿಶೇಷ ಆವೃತ್ತಿ, ಈ ಮೂರನ್ನೂ ಬೇರೆ ಬೇರೆ ಅಂಗಡಿಗಳಿಂದ ತರಿಸಿಕೊಂಡಿದ್ದೇನೆ. ಒಟ್ಟಾರೆ ಐದರಲ್ಲಿ ಎರಡು ಅಂಕ ಕೊಡುತ್ತೇನೆ. ಆ ಎರಡು ಅಂಕವೂ ಕೆಲವು ಅಂಗಡಿಗಳು ಹಣ ವಾಪಸ್ ಕೊಡುವ ವ್ಯವಸ್ಥೆಯನ್ನು ತಕ್ಕಮಟ್ಟಿಗೆ ಸರಿಪಡಿಸಿಕೊಂಡದ್ದಕ್ಕೆ. ಉಳಿದ ಮೂರನ್ನು ಕಡಿಮೆ ಮಾಡಲು ಕಾರಣ ಒಂದೇ: ಬಿಡುಗಡೆಯ ದಿನಾಂಕ ಮುಂದಕ್ಕೆ ಹೋದರೂ ನಮ್ಮ ಆರ್ಡರ್ ಮಾತ್ರ, ನಮ್ಮನ್ನು ಕೇಳದೆ, ಇದ್ದಲ್ಲೇ ಇರುತ್ತದೆ.

ಮುಂದೂಡಿಕೆಯ ಬಗ್ಗೆ ನನಗೆ ತಕರಾರಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಗೇಮ್ ಎಂದರೆ ನೂರಾರು ಜನ ವರ್ಷಗಟ್ಟಲೆ ಮಾಡುವ ಕೆಲಸ. ಕೊನೆಯ ತಿಂಗಳುಗಳಲ್ಲಿ ಎಲ್ಲ ಭಾಗಗಳನ್ನೂ ಒಂದಾಗಿ ಓಡಿಸಿ ನೋಡಿದಾಗಲೇ ನಿಜವಾದ ದೋಷಗಳು ಕಾಣಿಸಿಕೊಳ್ಳುತ್ತವೆ. ‘ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ 2015ಕ್ಕೆ ಬರುತ್ತದೆ ಎಂದಿದ್ದರು, ಬಂದದ್ದು 2017ರ ಮಾರ್ಚ್ 3ರಂದು. ಅದನ್ನು ಆಡಿದ ಯಾರೂ ಆ ಎರಡು ವರ್ಷಗಳನ್ನು ದೂರಿದ್ದನ್ನು ನಾನು ಕೇಳಿಲ್ಲ. ‘ಹೇಲೋ ಇನ್ಫಿನಿಟ್’ 2020ರ ಜುಲೈನಲ್ಲಿ ತೋರಿಸಿದ ದೃಶ್ಯಗಳಿಗೆ ಟೀಕೆ ಬಂದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಹಿಂದೆ ಸರಿದು 2021ರ ಡಿಸೆಂಬರ್ 8ರಂದು ಹೊರಬಂತು. ಅರೆಬೆಂದದ್ದನ್ನು ಬಡಿಸುವುದಕ್ಕಿಂತ ತಡವಾದರೂ ಸರಿಯಾದದ್ದನ್ನು ಕೊಡಲಿ ಎನ್ನುವವರಲ್ಲಿ ನಾನೂ ಒಬ್ಬ. ಗೇಮ್ ಮುಗಿದಿಲ್ಲವೆಂದರೆ ಮುಗಿಸಿಕೊಳ್ಳಲಿ. ಆದರೆ ಯಾವಾಗ ಮುಗಿಯುತ್ತದೆಂದು ತಮಗೇ ಖಾತ್ರಿಯಿಲ್ಲದ ವಸ್ತುವಿಗೆ ಇಂದೇ ಏಕೆ ಆರ್ಡರ್ ಪಡೆಯಬೇಕು?

ಈ ಪ್ರಶ್ನೆ ನನಗೆ ಬಿಸಿ ಮುಟ್ಟಿಸಿದ್ದು ಒಂದು ವಿಶೇಷ ಆವೃತ್ತಿಯ ವಿಚಾರದಲ್ಲಿ. ಅಂಗಡಿಯ ಹೆಸರು ಬೇಡ. ಆರ್ಡರ್ ಮಾಡಿದ ದಿನವೇ ಪೂರ್ತಿ ಹಣ ಕಡಿತವಾಯಿತು. ನನ್ನ ಖಾತೆಯ ಆರ್ಡರ್ ಪುಟದಲ್ಲಿ ಪೆಟ್ಟಿಗೆಯ ಚಿತ್ರ, ಅದರ ಕೆಳಗೆ ಬಿಡುಗಡೆಯ ದಿನಾಂಕ, ಪಕ್ಕದಲ್ಲಿ ಹಸಿರು ಬಣ್ಣದ ‘ದೃಢೀಕರಿಸಲಾಗಿದೆ’ ಎಂಬ ಗುರುತು. ಕೆಲವು ತಿಂಗಳ ನಂತರ ಆ ಪುಟ ತೆರೆದರೆ ದಿನಾಂಕದ ಜಾಗದಲ್ಲಿ ಡಿಸೆಂಬರ್ 31 ಎಂದಿತ್ತು. ಹಸಿರು ಗುರುತು ಹಾಗೆಯೇ ಇತ್ತು. ಇಮೇಲ್ ಇಲ್ಲ, ಸಂದೇಶ ಇಲ್ಲ. ಈ ವ್ಯಾಪಾರದ ಒಳಹೊರಗು ಬಲ್ಲವರಿಗೆ ಡಿಸೆಂಬರ್ 31 ಎಂದರೇನೆಂದು ಗೊತ್ತು. ಅದು ದಿನಾಂಕವಲ್ಲ. ಅಂಗಡಿಯ ಕಂಪ್ಯೂಟರ್ ದಿನಾಂಕದ ಜಾಗವನ್ನು ಖಾಲಿ ಬಿಡಲು ಒಪ್ಪುವುದಿಲ್ಲ, ಆದ್ದರಿಂದ ವರ್ಷದ ಕೊನೆಯ ದಿನವನ್ನು ತುಂಬಿಸಿಡುತ್ತಾರೆ. ಹೊಸಬರು ಅದನ್ನೇ ನಂಬಿ ರಜೆ ಹಾಕಲು ಯೋಚಿಸುತ್ತಾರೆ.

ಮುಂದಿನ ವರ್ಷವೂ ಗೇಮ್ ಬರಲಿಲ್ಲ. ಸಾಕೆನಿಸಿ ಆರ್ಡರ್ ರದ್ದು ಮಾಡಿದೆ. ಅಷ್ಟರಲ್ಲಿ ನನ್ನ ಹಳೆಯ ಕಾರ್ಡ್‌ನ ಅವಧಿ ಮುಗಿದು ಬ್ಯಾಂಕಿನಿಂದ ಹೊಸ ಕಾರ್ಡ್ ಬಂದಿತ್ತು. ಹಣ ಪಾವತಿಸಿದ ಕಾರ್ಡಿಗೆ ಮಾತ್ರ ಮರುಪಾವತಿ ಸಾಧ್ಯ, ಅದು ಚಾಲ್ತಿಯಲ್ಲಿಲ್ಲದಿದ್ದರೆ ಮೊತ್ತ ಅಂಗಡಿಯ ವಾಲೆಟ್‌ಗೆ ಜಮೆಯಾಗುತ್ತದೆ ಎಂದು ಗ್ರಾಹಕ ಸೇವಾ ವಿಭಾಗದಿಂದ ಉತ್ತರ ಬಂತು. ವಾಲೆಟ್‌ನಲ್ಲಿರುವ ಹಣದಿಂದ ಅದೇ ಅಂಗಡಿಯಲ್ಲಿ ಮಾತ್ರ ಖರೀದಿ ಸಾಧ್ಯ. ತಡ ಮಾಡಿದವರು ಅವರು, ಆ ತಡದಿಂದಲೇ ನನ್ನ ಕಾರ್ಡ್‌ನ ಅವಧಿ ಮೀರಿದ್ದು, ಆದರೆ ಕೊನೆಗೆ ನನ್ನ ಹಣ ಉಳಿದದ್ದು ಅವರ ಬಳಿಯೇ. ಸೇವಾ ವಿಭಾಗದಲ್ಲಿ ಮಾತನಾಡಿದ ವ್ಯಕ್ತಿ ಸೌಜನ್ಯದಿಂದಲೇ ವರ್ತಿಸಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಆ ನಿಯಮ ಬರೆದವರ ಮೇಲೆ.

ನನ್ನ ಅನುಭವ ಸಣ್ಣದು. ಇಡೀ ಪದ್ಧತಿಯ ಹುಳುಕನ್ನು ಜಗತ್ತಿಗೇ ತೋರಿಸಿದ್ದು ‘ಸೈಬರ್‌ಪಂಕ್ 2077’. 2012ರಲ್ಲಿ ಘೋಷಣೆಯಾದ ಗೇಮ್ ಅದು. 2019ರ ಜೂನ್‌ನಲ್ಲಿ ಇ3 ಎಂಬ ಗೇಮ್ ಮೇಳದ ವೇದಿಕೆಗೆ ಹಾಲಿವುಡ್ ನಟ ಕಿಯಾನು ರೀವ್ಸ್ ಬಂದು ನಿಂತಾಗ 2020ರ ಏಪ್ರಿಲ್ 16 ಎಂಬ ದಿನಾಂಕ ಹೊರಬಿತ್ತು, ಜೊತೆಗೇ ಪ್ರೀ-ಆರ್ಡರ್ ಕೂಡ ಶುರುವಾಯಿತು. ಆಮೇಲೆ ಆ ದಿನಾಂಕ ಸೆಪ್ಟೆಂಬರ್ 17ಕ್ಕೆ ಸರಿಯಿತು, ಅಲ್ಲಿಂದ ನವೆಂಬರ್ 19ಕ್ಕೆ. ಅಕ್ಟೋಬರ್ ಆರಂಭದಲ್ಲಿ ಗೇಮ್ ‘ಗೋಲ್ಡ್’ ಆಗಿದೆ, ಅಂದರೆ ಡಿಸ್ಕ್ ಅಚ್ಚು ಹಾಕಲು ಮೂಲಪ್ರತಿ ಸಿದ್ಧವಾಗಿದೆ ಎಂದು ಪ್ರಕಟಿಸಿದರು. ಆ ಹಂತ ದಾಟಿದ ಗೇಮ್ ಮುಂದೂಡುವುದು ತೀರಾ ಅಪರೂಪ, ಹಾಗಾಗಿ ಎಲ್ಲರೂ ನೆಮ್ಮದಿಯ ನಿಟ್ಟುಸಿರುಬಿಟ್ಟರು. ಕೆಲಸಕ್ಕೆ ರಜೆ ಹಾಕಬಹುದೇ ಎಂದು ಅಭಿಮಾನಿಯೊಬ್ಬರು ಕೇಳಿದ್ದಕ್ಕೆ ಗೇಮ್‌ನ ಅಧಿಕೃತ ಟ್ವಿಟರ್ ಖಾತೆ ಅಕ್ಟೋಬರ್ 26ರಂದು ಪೂರ್ಣ ಖಾತ್ರಿ ಎಂದು ಉತ್ತರಿಸಿತು. ಮರುದಿನವೇ ಬಿಡುಗಡೆಯನ್ನು ಡಿಸೆಂಬರ್ 10ಕ್ಕೆ ಮುಂದೂಡಿದರು. ಹಳೆಯ ಮತ್ತು ಹೊಸ ಕನ್ಸೋಲ್‌ಗಳು (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರಗಳು), ಕಂಪ್ಯೂಟರ್ ಎಲ್ಲ ಸೇರಿ ಒಂಬತ್ತು ಆವೃತ್ತಿಗಳನ್ನು ಒಟ್ಟಿಗೆ ಸಿದ್ಧಪಡಿಸಬೇಕಿದೆ ಎಂಬುದು ಕೊಟ್ಟ ಕಾರಣ.

ಬಿಡುಗಡೆಯ ಹೊತ್ತಿಗೆ ಆ ಗೇಮ್‌ಗೆ ಮುಂಗಡ ಆರ್ಡರ್ ಕೊಟ್ಟವರ ಸಂಖ್ಯೆ 80 ಲಕ್ಷ. ಬಿಡುಗಡೆಗೆ ಮುನ್ನ ವಿಮರ್ಶಕರ ಕೈಗೆ ಸಿಕ್ಕಿದ್ದು ಕಂಪ್ಯೂಟರ್ ಆವೃತ್ತಿ ಮಾತ್ರ. ಹಳೆಯ ಕನ್ಸೋಲ್‌ಗಳಾದ ಪಿಎಸ್4 (ಪ್ಲೇಸ್ಟೇಷನ್ 4) ಮತ್ತು ಎಕ್ಸ್‌ಬಾಕ್ಸ್ ಒನ್‌ನಲ್ಲಿ ಗೇಮ್ ಹೇಗೆ ಓಡುತ್ತದೆ ಎಂಬುದನ್ನು ಹಣ ಕೊಟ್ಟವರೇ ತಮ್ಮ ಮನೆಯಲ್ಲಿ ಕೂತು ಕಂಡುಕೊಳ್ಳಬೇಕಾಯಿತು: ಬಣ್ಣ ಮೆತ್ತಿಕೊಂಡಂತೆ ಮಸುಕಾದ ಮುಖಗಳು, ತಡೆದು ತಡೆದು ಚಲಿಸುವ ದೃಶ್ಯ, ಮತ್ತೆ ಮತ್ತೆ ಪೂರ್ತಿ ಬಂದ್ ಆಗಿಬಿಡುವ ಆಟ. ಬಿಡುಗಡೆಯಾದ ಸುಮಾರು ಒಂದು ವಾರಕ್ಕೆ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಾದ ಪ್ಲೇಸ್ಟೇಷನ್ ಸ್ಟೋರ್‌ನಿಂದ ತೆಗೆದುಹಾಕಿ, ಕೊಂಡವರಿಗೆ ಹಣ ಹಿಂದಿರುಗಿಸುವುದಾಗಿ ಹೇಳಿತು. ಗೇಮ್ ಆ ಅಂಗಡಿಗೆ ಮರಳಿದ್ದು 2021ರ ಜೂನ್ 21ರಂದು. ಮುಂದೆ ಅದನ್ನು ತಿದ್ದಿ ತಿದ್ದಿ 2023ರ ಹೊತ್ತಿಗೆ ನಿಜಕ್ಕೂ ಒಳ್ಳೆಯ ಗೇಮ್ ಮಾಡಿದರು, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ 2019ರಲ್ಲಿ ಆರ್ಡರ್ ಕೊಟ್ಟವನು 2023ರ ಗೇಮ್‌ಗಾಗಿ ಕೊಟ್ಟಿರಲಿಲ್ಲ. ಆ ಒಳ್ಳೆಯ ಗೇಮನ್ನು ತಡವಾಗಿ ಬಂದವರು ರಿಯಾಯಿತಿಯಲ್ಲಿ ಕೊಂಡರು. ಎಲ್ಲರಿಗಿಂತ ಮೊದಲು ನಂಬಿದವರು ಎಲ್ಲರಿಗಿಂತ ಹೆಚ್ಚು ಕೊಟ್ಟು, ಎಲ್ಲರಿಗಿಂತ ಕೆಟ್ಟದ್ದನ್ನು ಆಡಿದರು.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡ ಎಂದು ನಮ್ಮ ಹಿರಿಯರು ಹೇಳಿದ್ದು ಹೊಲಿಸುವವರಿಗೆ. ಇಲ್ಲಿ ನನ್ನ ದೂರು ಕುಲಾವಿ ಮಾರುವವರ ಮೇಲೆ. ಡಿಸ್ಕ್ ಮತ್ತು ಕಾರ್ಟ್ರಿಡ್ಜ್‌ಗಳ ಕಾಲದಲ್ಲಿ ಮುಂಗಡ ಕಾಯ್ದಿರಿಸುವುದಕ್ಕೆ ಅರ್ಥವಿತ್ತು. ಅಂಗಡಿಗೆ ಬರುವ ಪ್ರತಿಗಳು ಇಷ್ಟೇ ಎಂದಿರುತ್ತಿತ್ತು, ಹೆಸರು ಬರೆಸದವನಿಗೆ ಸಿಗುತ್ತಿರಲಿಲ್ಲ. ಎಷ್ಟು ಪ್ರತಿ ತರಿಸಬೇಕು ಎಂಬ ಅಂದಾಜು ಅಂಗಡಿಯವನಿಗೂ ಸಿಗುತ್ತಿತ್ತು. ಡೌನ್‌ಲೋಡ್ ಆಗುವ ಗೇಮ್ ಎಂದಾದರೂ ಖಾಲಿಯಾಗುತ್ತದೆಯೇ? ಆಗುವುದಿಲ್ಲ. ಅದಕ್ಕೇ ಕೊರತೆಯನ್ನು ಹುಟ್ಟಿಸಲು ಬೋನಸ್‌ಗಳು ಬಂದವು. ಮುಂಗಡ ಕೊಟ್ಟವರಿಗೆ ಮಾತ್ರ ಒಂದು ಉಡುಪು, ಒಂದು ಆಯುಧ, ಕುದುರೆಗೊಂದು ಜೀನು. ಇವುಗಳಲ್ಲಿ ಹೆಚ್ಚಿನವು ಆಟದ ಮೊದಲ ಒಂದೆರಡು ಗಂಟೆಯಲ್ಲೇ ಕೆಲಸಕ್ಕೆ ಬಾರದಂತಾಗುತ್ತವೆ, ಅದಕ್ಕಿಂತ ಉತ್ತಮವಾದದ್ದು ಆಟದೊಳಗೇ ಸಿಕ್ಕಿಬಿಡುತ್ತದೆ. ಮೂಗಿಗೆ ತುಪ್ಪ ಸವರುವ ಕೆಲಸ ಇದು. ಈಚೆಗೆ ದುಬಾರಿ ಆವೃತ್ತಿ ಕೊಂಡವರಿಗೆ ಕೆಲವು ದಿನ ಮೊದಲೇ ಆಡಲು ಬಿಡುತ್ತಾರೆ. ‘ಸ್ಟಾರ್‌ಫೀಲ್ಡ್’ 2023ರ ಸೆಪ್ಟೆಂಬರ್ 6ರಂದು ಬಿಡುಗಡೆ ಎಂದಿದ್ದರೂ ಹೆಚ್ಚು ಹಣ ಕೊಟ್ಟವರು ಸೆಪ್ಟೆಂಬರ್ 1ರಿಂದಲೇ ಆಡಿದರು. ಅಂದರೆ ಗೇಮ್ ಸಿದ್ಧವಿದ್ದರೂ ಸಾಮಾನ್ಯ ಬೆಲೆ ಕೊಟ್ಟವನನ್ನು ಬೇಕೆಂದೇ ಕಾಯಿಸಿದರು. ಗೇಮ್ ಸಿದ್ಧವಿಲ್ಲದೆ ಕಾಯಿಸುವುದನ್ನು ಸಹಿಸಿಕೊಳ್ಳಬಲ್ಲೆ, ಇದನ್ನು ಮಾತ್ರ ಸಹಿಸಲಾರೆ.

ಇನ್ನು ಅಂಗಡಿಗಳ ನಿಯಮಗಳು. ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್ ನನ್ನ ಮಟ್ಟಿಗೆ ಇದ್ದುದರಲ್ಲಿ ಉತ್ತಮ. 2015ರ ಜೂನ್‌ನಲ್ಲಿ ಅದು ಮರುಪಾವತಿ ನಿಯಮ ತಂದಿತು. ಪ್ರೀ-ಆರ್ಡರ್ ಮಾಡಿದ್ದನ್ನು ಬಿಡುಗಡೆಯಾಗುವವರೆಗೆ ಯಾವಾಗ ಬೇಕಾದರೂ ರದ್ದು ಮಾಡಬಹುದು. ಬಿಡುಗಡೆಯಾದ ಮೇಲೂ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು. ಮೊದಲೇ ಆಡಲು ಬಿಡುವ ದಿನಗಳಲ್ಲಿ ಆಡಿದ ಸಮಯವನ್ನೂ 2024ರ ಏಪ್ರಿಲ್‌ನಿಂದ ಆ ಎರಡು ಗಂಟೆಗೆ ಸೇರಿಸುತ್ತಿದ್ದಾರೆ, ಅದು ನ್ಯಾಯವೇ. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಬಿಡುಗಡೆಯ ದಿನದವರೆಗೂ ರದ್ದು ಮಾಡಲು ಅವಕಾಶವಿದೆ. ಕೊನೆಯ ಎರಡು ವಾರದೊಳಗೆ ಕೊಂಡಿದ್ದರೆ ಹಣ ಕೊಟ್ಟು ಹದಿನಾಲ್ಕು ದಿನದವರೆಗೆ ಸಮಯ ಸಿಗುತ್ತದೆ, ಆದರೆ ಡೌನ್‌ಲೋಡ್ ಶುರು ಮಾಡಿರಬಾರದು. ಈ ಷರತ್ತನ್ನು ಎರಡು ಸಲ ಓದಿಕೊಳ್ಳಿ. ಕನ್ಸೋಲ್‌ನಲ್ಲಿ ಸ್ವಯಂಚಾಲಿತ ಡೌನ್‌ಲೋಡ್ ಆನ್ ಆಗಿದ್ದರೆ ಬಿಡುಗಡೆಗೆ ಮುನ್ನ ಫೈಲ್ ತಾನಾಗಿಯೇ ಇಳಿಯಲು ಆರಂಭಿಸುತ್ತದೆ. ಮತ್ತೊಂದು ಕನ್ಸೋಲ್ ಕಂಪನಿ ನಿಂಟೆಂಡೊ ಸಾಮಾನ್ಯವಾಗಿ ಬಿಡುಗಡೆಗೆ ಸುಮಾರು ಒಂದು ವಾರ ಇರುವಾಗ ಹಣ ಕಡಿತ ಮಾಡುತ್ತದೆ, ಹಣದ ವಿಷಯದಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾದ ಕ್ರಮ ಇದು. ಡಿಸ್ಕ್ ಮಾರುವ ಅಂಗಡಿಗಳಲ್ಲಿ ಏಕರೂಪವೇ ಇಲ್ಲ. ಕೆಲವರು ಪಾರ್ಸೆಲ್ ಕಳಿಸುವ ದಿನ ಹಣ ಪಡೆಯುತ್ತಾರೆ, ಕೆಲವರು ಆರ್ಡರ್ ದಿನವೇ ಪೂರ್ತಿ ವಸೂಲಿ ಮಾಡುತ್ತಾರೆ.

ಈ ಎಲ್ಲ ನಿಯಮಗಳಲ್ಲೂ ಒಂದು ಸಮಾನ ಕೊರತೆಯಿದೆ. ರದ್ದು ಮಾಡುವ ಹೊರೆ ಗ್ರಾಹಕನದೇ. ದಿನಾಂಕ ಬದಲಾದುದನ್ನು ಅವನೇ ತಿಳಿದುಕೊಳ್ಳಬೇಕು, ಅವನೇ ಪುಟ ಹುಡುಕಬೇಕು, ಅವನೇ ಅರ್ಜಿ ಹಾಕಬೇಕು. ತಪ್ಪಿದರೆ ಮೌನವೇ ಸಮ್ಮತಿ. ಎಷ್ಟು ಕಾಲ ತಡವಾಗಬಹುದು ಎಂಬುದಕ್ಕೆ ಮಿತಿ ಇದ್ದಿದ್ದರೆ ಇದನ್ನೂ ಒಪ್ಪಬಹುದಿತ್ತು. ಆದರೆ ಇತಿಹಾಸದಲ್ಲಿ ಅಂಥ ಮಿತಿಯೇ ಕಾಣುವುದಿಲ್ಲ. ‘ಡ್ಯೂಕ್ ನ್ಯೂಕೆಮ್ ಫಾರೆವರ್’ 1997ರಲ್ಲಿ ಘೋಷಣೆಯಾಗಿ 2011ರಲ್ಲಿ ಬಂತು, ಅಷ್ಟು ಕಾದದ್ದಕ್ಕೆ ತಕ್ಕ ಗೇಮ್ ಕೂಡ ಆಗಿರಲಿಲ್ಲ. ‘ಡೆಡ್ ಐಲ್ಯಾಂಡ್ 2’ ಅನ್ನು 2014ರಲ್ಲಿ ತೋರಿಸಿ ಮರುವರ್ಷವೇ ಕೊಡುತ್ತೇವೆ ಎಂದರು. ಅದು ಗೇಮ್ ತಯಾರಿಸುವ ಒಂದು ಸ್ಟುಡಿಯೊದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕೈ ಬದಲಾಯಿಸಿ 2023ರ ಏಪ್ರಿಲ್‌ನಲ್ಲಿ ಹೊರಬಂತು. ‘ಸ್ಟಾರ್ ಸಿಟಿಜನ್’ 2012ರಲ್ಲಿ ಜನರಿಂದ ದೇಣಿಗೆ ಎತ್ತಲು ಆರಂಭಿಸಿದಾಗ ಹೇಳಿದ ಗುರಿ 2014. ಇಂದಿಗೆ ಸಂಗ್ರಹ 80 ಕೋಟಿ ಡಾಲರ್ ದಾಟಿದೆ, ಪೂರ್ಣ ಬಿಡುಗಡೆ ಇನ್ನೂ ಆಗಿಲ್ಲ.

ಬೇರೆ ದಾರಿಯೂ ಇದೆ ಎಂಬುದನ್ನು ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ತೋರಿಸಿಕೊಟ್ಟಿದೆ. 2019ರ ಫೆಬ್ರವರಿಯಲ್ಲಿ ಘೋಷಿಸಿದ್ದನ್ನು ಆರು ವರ್ಷಕ್ಕೂ ಹೆಚ್ಚು ಕಾಲ ಕಾದೆವು. ಆ ಅವಧಿಯಲ್ಲಿ ಅಭಿಮಾನಿಗಳು ಬೇಸರಗೊಂಡರು, ರೇಗಿದರು, ಅತ್ತೂಬಿಟ್ಟರು. ಆದರೂ ಯಾರೊಬ್ಬರ ಹಣವೂ ಅದರಲ್ಲಿ ಸಿಕ್ಕಿಹಾಕಿಕೊಂಡಿರಲಿಲ್ಲ, ಏಕೆಂದರೆ ಸ್ಟುಡಿಯೊ ಪ್ರೀ-ಆರ್ಡರ್ ತೆರೆಯಲೇ ಇಲ್ಲ. 2025ರ ಆಗಸ್ಟ್‌ನಲ್ಲಿ, ಎರಡು ವಾರ ಮೊದಲು, ದಿನಾಂಕ ತಿಳಿಸಿ ಸೆಪ್ಟೆಂಬರ್ 4ರಂದು ಬಿಡುಗಡೆ ಮಾಡಿದರು. ಮುಂಗಡ ಹಣವಿಲ್ಲದಿದ್ದರೆ ಮಾರಾಟ ಕುಸಿಯುತ್ತದೆ ಎಂಬ ವಾದಕ್ಕೆ ಅಂದು ಉತ್ತರ ಸಿಕ್ಕಿತು. ಕೊಳ್ಳುವವರ ನೂಕುನುಗ್ಗಲಿಗೆ ಸ್ಟೀಮ್ ಸೇರಿದಂತೆ ಹಲವು ಅಂಗಡಿಗಳೇ ಕೆಲಹೊತ್ತು ಕೈಚೆಲ್ಲಿದವು. ಎಲ್ಲ ಸ್ಟುಡಿಯೊಗಳಿಗೂ ಹಾಗೆ ನಡೆಯುವ ಶಕ್ತಿ ಇರುವುದಿಲ್ಲ, ನಿಜ. ಹಿಂದಿನ ಗೇಮ್‌ನ ಗಳಿಕೆ ಸಿಲ್ಕ್‌ಸಾಂಗ್ ಮಾಡಿದವರನ್ನು ಕಾಪಾಡಿತು. ಆದರೆ ಪ್ರೀ-ಆರ್ಡರ್‌ಗೆ ಅತಿ ಹೆಚ್ಚು ಒತ್ತಾಯ ಮಾಡುವವರು ಸಣ್ಣ ಸ್ಟುಡಿಯೊಗಳಲ್ಲ, ಗೇಮ್‌ಗಳಿಗೆ ಹಣ ಹಾಕಿ ಮಾರುಕಟ್ಟೆಗೆ ತರುವ, ಹಣದ ಕೊರತೆಯೇ ಇಲ್ಲದ ದೊಡ್ಡ ಪ್ರಕಾಶಕರು.

ನಾನು ಕೇಳುವುದು ಹೆಚ್ಚೇನಲ್ಲ. ಆರ್ಡರ್ ಎಂಬುದು ಒಂದು ದಿನಾಂಕಕ್ಕೆ ಕೊಟ್ಟ ಒಪ್ಪಿಗೆ. ಆ ದಿನಾಂಕ ಬದಲಾದ ಕ್ಷಣ ಒಪ್ಪಿಗೆಯೂ ಮುಗಿಯಬೇಕು. ಕಡಿತವಾದ ಹಣ ತಾನಾಗಿಯೇ ಗ್ರಾಹಕನಿಗೆ ಮರಳಬೇಕು, ಹಳೆಯ ಕಾರ್ಡ್ ಇಲ್ಲದಿದ್ದರೆ ಅವನು ಹೇಳಿದ ಖಾತೆಗೆ. ಹೊಸ ದಿನಾಂಕ ಒಪ್ಪಿಗೆಯಿದ್ದವನು ಒಂದು ಗುಂಡಿ ಒತ್ತಿ ಉಳಿಸಿಕೊಳ್ಳಲಿ, ಅವನ ಸರದಿ ಮತ್ತು ಬೋನಸ್ ಹಾಗೆಯೇ ಇರಲಿ. ಇದಕ್ಕೆ ಬೇಕಾದ ತಂತ್ರಜ್ಞಾನ ಈ ಅಂಗಡಿಗಳ ಬಳಿ ಎಂದೋ ಇದೆ. ಹಾಗೆ ಮಾಡಿದರೆ ದಿನಾಂಕ ಘೋಷಿಸುವ ಮುನ್ನ ಪ್ರಕಾಶಕರು ಎರಡು ಸಲ ಯೋಚಿಸುತ್ತಾರೆ, ಸ್ಟುಡಿಯೊದಲ್ಲಿ ರಾತ್ರಿ ಹಗಲು ದುಡಿಯುವವರ ಮೇಲಿನ ಒತ್ತಡವೂ ಸ್ವಲ್ಪ ತಗ್ಗೀತು.

ಸದ್ಯಕ್ಕೆ ನನ್ನ ಬಳಕೆ ಹೀಗಿದೆ. ಡೌನ್‌ಲೋಡ್ ಆಗುವ ಗೇಮ್‌ಗಳನ್ನು ಬಯಕೆಪಟ್ಟಿಗೆ ಸೇರಿಸಿಡುತ್ತೇನೆ, ಅದಕ್ಕೆ ಹಣ ಬೇಕಿಲ್ಲ, ಬಿಡುಗಡೆಯಾದಾಗ ಅಂಗಡಿಯೇ ಇಮೇಲ್ ಕಳಿಸುತ್ತದೆ. ನನ್ನ ಕನ್ಸೋಲ್‌ನಲ್ಲೇ ಆಡಿ ಬರೆದ ವಿಮರ್ಶೆಗಳು ಬರುವವರೆಗೆ ಕೊಳ್ಳುವುದಿಲ್ಲ. ಸೀಮಿತ ಸಂಖ್ಯೆಯಲ್ಲಿ ತಯಾರಾಗುವ ವಿಶೇಷ ಆವೃತ್ತಿಗಳನ್ನು ಮಾತ್ರ ಈಗಲೂ ಮುಂಗಡವಾಗಿ ಕಾಯ್ದಿರಿಸುತ್ತೇನೆ, ಅದೂ ಪಾರ್ಸೆಲ್ ಹೊರಡುವ ದಿನ ಹಣ ಪಡೆಯುವ ಅಂಗಡಿಯಲ್ಲಿ. ನೀವೂ ಆರ್ಡರ್ ಮಾಡುವವರಾಗಿದ್ದರೆ ಬಿಡುಗಡೆಯ ದಿನಾಂಕ ಕಾಣುವ ಪುಟದ ಚಿತ್ರವನ್ನು ತೆಗೆದಿಟ್ಟುಕೊಳ್ಳಿ. ದಿನಾಂಕ ಸದ್ದಿಲ್ಲದೆ ಬದಲಾದಾಗ ಗ್ರಾಹಕ ಸೇವೆಯವರ ಮುಂದೆ ಇಡಲು ನಿಮ್ಮ ಕೈಯಲ್ಲಿ ಅದಾದರೂ ಇರುತ್ತದೆ.